ಅವ್ವನಿಗೆ ಮೊದಲು ಏನು ಹೇಳಲಿ?

ಪ್ರಶ್ನೆ: ನನಗೆ 19 ವರ್ಷ. ಕ್ರೀಡಾ ಹಾಸ್ಟೆಲ್‌ನಲ್ಲಿದ್ದು ಕುಸ್ತಿ ಆಡುತ್ತೇನೆ. ಮೈತೂಕ 58 ಕೆ.ಜಿ., ಆಡುವುದು 53 ಕೆ.ಜಿ. ವಿಭಾಗದಲ್ಲಿ. ಮೊದಲು ಪಂದ್ಯದ ವಾರ ಮಾತ್ರ ಊಟ ಬಿಡುತ್ತಿದ್ದೆ. ಈಗ ಪಂದ್ಯ ಇಲ್ಲದಾಗಲೂ ರಾತ್ರಿ ಸಿಕ್ಕಿದ್ದೆಲ್ಲ ತಿಂದು, ಬೆರಳು ಹಾಕಿ ವಾಂತಿ ಮಾಡುತ್ತೇನೆ. ಐದು ತಿಂಗಳಿಂದ ಮುಟ್ಟಾಗಿಲ್ಲ. ಕೋಚ್ ‘ಇದೆಲ್ಲ ಮಾಮೂಲಿ’ ಅಂತಾರೆ. ಅವ್ವನಿಗೆ ಹೇಳಿದರೆ ಕುಸ್ತಿ ಬಿಡಿಸಿ ಮದುವೆ ಮಾಡ್ತಾರೆ ಅಂತ ಭಯ.

ಉತ್ತರ: ತಂಗೀ, ಅವ್ವನಿಗೆ ಹೇಳು. ಎಲ್ಲವನ್ನೂ ಒಂದೇ ಸಲ ಹೇಳಬೇಕಿಲ್ಲ. ಮುಟ್ಟು ನಿಂತಿದೆ, ಡಾಕ್ಟರ್ ಹತ್ತಿರ ಹೋಗೋಣ ಅನ್ನು. ಅದು ಅವ್ವಂದಿರಿಗೆ ತಕ್ಷಣ ಅರ್ಥವಾಗುತ್ತದೆ. ವಾಂತಿಯ ವಿಷಯ ಮಾತ್ರ ಡಾಕ್ಟರ್ ಮುಂದೆ ಮುಚ್ಚಿಡಬೇಡ. ಇಲ್ಲದಿದ್ದರೆ ಮುಟ್ಟು ಬರುವ ಮಾತ್ರೆ ಬರೆದು ಕಳಿಸಿಬಿಡುತ್ತಾರೆ. ತಾಲೀಮಿಗೆ ಸಾಲುವಷ್ಟು ಊಟ ಮೈಗೆ ಹತ್ತದಿದ್ದರೆ ಮುಟ್ಟು ನಿಲ್ಲುತ್ತದೆ. ಅದು ಹಾಗೇ ಮುಂದುವರಿದರೆ ಮೂಳೆ ಸವೆಯುತ್ತದೆ. ಪದೇ ಪದೇ ವಾಂತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಎದೆಬಡಿತ ಏರುಪೇರಾಗಬಹುದು. ರಕ್ತಪರೀಕ್ಷೆ, ಇಸಿಜಿ ಎರಡನ್ನೂ ಕೇಳಿ ಮಾಡಿಸಿಕೋ. ತಲೆ ಸುತ್ತಿ ಬಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗು.

ಪಂದ್ಯಕ್ಕೆ ತೂಕ ಇಳಿಸೋದು ಮಾಮೂಲಿ, ಹೌದು. ಕುಸ್ತಿಪಟು ವಿನೇಶ್ ಫೋಗಟ್ ಕೂಡ 53ರಿಂದ 50ಕ್ಕೆ ಇಳಿದೇ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋಗಿದ್ದು. ರಾತ್ರಿಯೆಲ್ಲ ಬೆವರಿಳಿಸಿ, ಕೂದಲು ಕತ್ತರಿಸಿದರೂ 2024ರ ಆಗಸ್ಟ್ 7ರ ಬೆಳಿಗ್ಗೆ 100 ಗ್ರಾಂ ಜಾಸ್ತಿ ಬಂತು, ಫೈನಲ್ ಆಡಲು ಬಿಡಲಿಲ್ಲ. ನಾವೆಲ್ಲ ಆ 100 ಗ್ರಾಂ ಬಗ್ಗೆ ಜಗಳಾಡಿದೆವು. ಆ ರಾತ್ರಿಯ ಬಗ್ಗೆ ಮಾತಾಡಿದ್ದು ಕಮ್ಮಿ.

ನಿನ್ನದು ಇದನ್ನೂ ದಾಟಿದೆ. ಪಂದ್ಯ ಇಲ್ಲದಿದ್ದರೂ ವಾಂತಿ ನಿಂತಿಲ್ಲ, ಅಲ್ವಾ? ಇದು ಕಾಯಿಲೆ. ಮನಸ್ಸು ಗಟ್ಟಿ ಮಾಡಿಕೋ ಅಂತ ಯಾರಾದರೂ ಅಂದರೆ ಸುಮ್ನೆ ಬಿಟ್ಟುಬಿಡು. ಇದಕ್ಕೆ ಚಿಕಿತ್ಸೆ ಇದೆ. ಮನೋವೈದ್ಯರನ್ನು ಹೇಗೆ ಕಾಣೋದು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು. ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ನಡುರಾತ್ರಿಯೂ ಸಿಗುತ್ತಾರೆ.

ಕುಸ್ತಿ ಬಿಡು ಅಂತ ನಾನು ಹೇಳಲ್ಲ. ಡಾಕ್ಟರ್ ಒಪ್ಪುವವರೆಗೆ ಪಂದ್ಯ ಬೇಡ ಅಷ್ಟೇ. ಆಮೇಲೆ 57 ಅಥವಾ 59ರಲ್ಲಿ ಆಡು. ಅಲ್ಲಿ ಎದುರಾಳಿಗಳು ಗಟ್ಟಿ ಇರುತ್ತಾರೆ, ಮೊದಮೊದಲು ಸೋಲುತ್ತೀಯ. ಕೋಚ್ ಗೊಣಗಿದರೆ ಡಾಕ್ಟರ್ ಚೀಟಿ ತೋರಿಸು. ಮನೆಯಲ್ಲೂ ಇದನ್ನೇ ಹೇಳು: ನಾನು ಬಿಡೋದು 53 ಕೆ.ಜಿ.ಯನ್ನು, ಕುಸ್ತಿಯನ್ನಲ್ಲ. ಅಷ್ಟಾದರೂ ಮದುವೆ ಮಾತು ತೆಗೆದರೆ ನನಗೆ ಮತ್ತೆ ಬರೆ.