ಪಿಡಿಪಿ-11 ಬೋರ್ಡು: ಸ್ಲಾಟಿಗೆ ಕೂತ್ರೆ ಸಾಲದು, ಹಿಡಿಕಿ ಮ್ಯಾಲಿನ ನಂಬರ್ ನೋಡ್ರಿ

ಗಿಣಿಗೇರಿಯವರೇ, ನೀವು ಗುಂಪಿನಾಗ ಹಾಕಿದ ಪಿಡಿಪಿ-11 (ಡೆಕ್ ಕಂಪನಿಯ ಹಳೇ 16 ಬಿಟ್ ಕಂಪ್ಯೂಟರ್) ಬೋರ್ಡಿನ ಫೋಟೊ ದೊಡ್ಡದು ಮಾಡಿ ನೋಡ್ದೆ. ಗುಜರಿಯಿಂದ ತಂದ ಎಚ್9270 ಬ್ಯಾಕ್‌ಪ್ಲೇನಿಗೆ (ಬೋರ್ಡು ಕೂಡಸೋ ಸ್ಲಾಟಿನ ಚೌಕಟ್ಟು) ಈ ಐದೂ ಬೋರ್ಡು ಹಾಕಿ ಚಾಲೂ ಮಾಡಬಹುದಾ ಅಂತ ಕೇಳೀರಿ. ನಾಲ್ಕು ನಡೀತಾವ. ಐದನೇದು, ಎಂ7856, ಅದರ ಹತ್ರನೂ ತರಬ್ಯಾಡ್ರಿ.

ಗೊಂದಲ ಎಲ್ಲಿ ಆಗೇದ ಅಂದ್ರ, ನೀವು ಬೋರ್ಡಿನ ತಾಮ್ರದಾಗ ಮೂಡಿರೋ 50ರಿಂದ ಶುರುವಾಗೋ ನಂಬರ್ ಹುಡುಕೀರಿ. ಅದು ಬರೇ ಖಾಲಿ ಪಿಸಿಬಿಯ ನಂಬರ್. ಡೆಕ್ ಕಂಪನಿಯ ಬೋರ್ಡಿನ ಗುರುತು ಇರೋದು ಪ್ಲಾಸ್ಟಿಕ್ ಹಿಡಿಕಿ ಮ್ಯಾಲೆ, ‘ಎಂ’ ಅಕ್ಷರದಿಂದ ಶುರುವಾಗೋ ನಂಬರ್. ನಿಮ್ಮಲ್ಲಿರೋ ಎಂ8186 ಅಂದ್ರ ಪಿಡಿಪಿ-11/23 ಮಾಡೆಲಿನ ಸಿಪಿಯು, ಎಂ8044 ಮೆಮೊರಿ, ಎಂ8043 ನಾಲ್ಕು ಪೋರ್ಟಿನ ಸೀರಿಯಲ್ ಕಾರ್ಡು, ಎಂ8061 ಆರ್‌ಎಲ್ ಡಿಸ್ಕಿನ ಕಂಟ್ರೋಲರ್. ಈ ನಾಲ್ಕೂ ಕ್ಯೂ-ಬಸ್ಸಿನವು; ಬಸ್ ಅಂದ್ರ ಬೋರ್ಡು ಒಂದಕ್ಕೊಂದು ಮಾತಾಡೋ ವೈರಿನ ಸಾಲು, ನಿಮ್ಮ ಬ್ಯಾಕ್‌ಪ್ಲೇನೂ ಕ್ಯೂ-ಬಸ್ಸಿಂದೇ. ಎಂ7856 ಕೂಡ ಸೀರಿಯಲ್ ಕಾರ್ಡೇ, ಆದ್ರ ಡೆಕ್‌ನ ಇನ್ನೊಂದು ಬಸ್ಸು, ಯೂನಿಬಸ್ಸಿಂದು. ಅಳತಿ ಒಂದೇ ಇರೋದ್ರಿಂದ ಕ್ಯೂ-ಬಸ್ ಸ್ಲಾಟಿನಾಗ ಆರಾಮ ಕೂಡತೈತಿ, ಆದ್ರ ಪಿನ್ನಿನ ವೈರಿಂಗೇ ಬ್ಯಾರೆ. ಕರೆಂಟ್ ಕೊಟ್ರ ಬೋರ್ಡು ಹೋಗ್ತದ, ಜೊತಿಗೆ ಬ್ಯಾಕ್‌ಪ್ಲೇನೂ ಹೋಗಬಹುದು. ಇದೇ ಕಾರಣಕ್ಕ, ಹೈದರಾಬಾದಿನ ಇಸಿಐಎಲ್ ಕಂಪನಿಯ ಟಿಡಿಸಿ-316 ಕಂಪ್ಯೂಟರಿನ ಬೋರ್ಡು ಗುಜರಿಯಾಗ ಸಿಕ್ರ, ಅದೂ 16 ಬಿಟ್ ಅಂತ ಇದರಾಗ ತುರುಕಬ್ಯಾಡ್ರಿ.

ವಿಳಾಸದ ಅಗಲ, ಅಂದ್ರ ಮೆಮೊರಿಯ ಜಾಗ ಗುರುತಿಸೋ ಬಿಟ್ಟಿನ ಎಣಿಕಿ, ಇನ್ನೊಂದು ಮಾತು. ಕ್ಯೂ-ಬಸ್ಸಿನಾಗ 16, 18, 22 ಬಿಟ್ ಅಂತ ಮೂರು ತಲೆಮಾರು. ನಿಮ್ಮ ಎಚ್9270 18 ಬಿಟ್ಟಿಂದು, ಅಂದ್ರ 256 ಕೆಬಿ ತನಕ. ನಿಮ್ಮ ನಾಲ್ಕು ಬೋರ್ಡಿಗೆ ಇದು ಸಾಕು. ಮುಂದ 22 ಬಿಟ್ ಬ್ಯಾಕ್‌ಪ್ಲೇನ್ ಸಿಕ್ರ ಮಾತ್ರ ಹುಷಾರು: ಮೊದಲು ಖಾಲಿ ಬಿಟ್ಟಿದ್ದ ಪಿನ್ನುಗಳನ್ನು ಆಮೇಲೆ ವಿಳಾಸಕ್ಕ ಬಳಸ್ಯಾರ, ಕೆಲವು ಹಳೇ ಬೋರ್ಡು ಅದೇ ಪಿನ್ನುಗಳನ್ನು ಬ್ಯಾರೆ ಕೆಲಸಕ್ಕ ಇಟ್ಕೊಂಡಾವ.

ಎಂ8061 ಸಿಕ್ಕಿದ್ದು ನಿಮ್ಮ ಅದೃಷ್ಟ. ಅದೇ ಡಿಸ್ಕಿನ ಹಿಂದಿನ ಕಂಟ್ರೋಲರ್ ಆರ್‌ಎಲ್‌ವಿ11 ಎರಡು ಬೋರ್ಡಿನ ಜೋಡಿ, ಎಂ8013 ಮತ್ತ ಎಂ8014. ಬ್ಯಾಕ್‌ಪ್ಲೇನಿನ ಒಂದೊಂದು ಸಾಲಿನಾಗ ಎಬಿ ಒಂದು ಅರ್ಧ, ಸಿಡಿ ಇನ್ನೊಂದು ಅರ್ಧ; ಅವೆರಡೂ ಸಿಡಿ ಭಾಗದ ವೈರಿನಾಗ ಮಾತಾಡ್ಕೋತಾವ, ನಿಮ್ಮ ಬ್ಯಾಕ್‌ಪ್ಲೇನಿನಾಗ ಆ ವೈರೇ ಇಲ್ಲ. ಅವಕ್ಕ ಎಚ್9273 ಬ್ಯಾಕ್‌ಪ್ಲೇನ್ ಬೇಕಾಗ್ತಿತ್ತು.

ಈಗ ಎಲ್ಲಿ ಏನು ಕೂಡಸಬೇಕು. ಎಚ್9270ರಾಗ ಸರಣಿ ಹಾವಿನಂಗ ಹೋಗ್ತದ: ಮೊದಲ ಸಾಲಿನ ಎಬಿ, ಅದರ ಸಿಡಿ, ಎರಡನೇ ಸಾಲಿನ ಸಿಡಿ, ಆಮೇಲೆ ಅದರ ಎಬಿ, ಅಲ್ಲಿಂದ ಮೂರನೇ ಸಾಲಿನ ಎಬಿ. ಇಂಟರಪ್ಟ್ (ಕಾರ್ಡು ಸಿಪಿಯುವನ್ನು ಕರೆಯೋದು) ಮತ್ತ ಡಿಎಂಎ (ಕಾರ್ಡು ನೇರ ಮೆಮೊರಿ ಮುಟ್ಟೋದು) ಅನುಮತಿ ಒಂದು ಬೋರ್ಡು ದಾಟಿಯೇ ಮುಂದಿನದಕ್ಕ ಹೋಗೋದು. ನಡುವ ಜಾಗ ಖಾಲಿ ಬಿಟ್ರ ಅದರ ಮುಂದಿನ ಕಾರ್ಡು ಬೋರ್ಡು ಕೆಟ್ಟಂಗ ಆಡ್ತಾವ. ಎಂಥಾ ಛಲೋ ಕಾರ್ಡು ಹಿಂಗೇ ಗುಜರಿ ಸೇರ್ತಾವ. ಸಿಪಿಯು ಮೊದಲ ಸಾಲಿನ ಎಬಿಯಾಗ, ಮೆಮೊರಿ ಪಕ್ಕದ ಸಿಡಿಯಾಗ. ಎರಡನೇ ಸಾಲು ಪೂರ್ತಿ ಎಂ8061ಕ್ಕ, ಸೀರಿಯಲ್ ಕಾರ್ಡು ಮೂರನೇ ಸಾಲಿನ ಎಬಿಯಾಗ. ಎಲ್ಲೂ ಸಂದಿ ಉಳಿಯಲ್ಲ. ಸಂದಿ ಬಿಡಲೇಬೇಕು ಅಂದ್ರ ಆ ಅನುಮತಿಯನ್ನು ಮುಂದ ದಾಟಿಸೋ ಎಂ9047 ಕಾರ್ಡು ಬೇಕು.

ಮೊದಲ ಸಲ ಮಾತ್ರ ಡಿಸ್ಕಿನ ಕಾರ್ಡು ಹೊರಗಿಡ್ರಿ, ಸೀರಿಯಲ್ ಕಾರ್ಡನ್ನು ಎರಡನೇ ಸಾಲಿನ ಸಿಡಿಯಾಗ ಕೂಡಸ್ರಿ. ಅದಕ್ಕೂ ಮೊದಲು ಬೋರ್ಡು ಒಂದೂ ಹಾಕದೇ 5 ಮತ್ತ 12 ವೋಲ್ಟ್ ಅಳೀರಿ. ಪವರ್ ಸಪ್ಲೈ ಲೋಡ್ ಕೇಳಿದ್ರ ಬೋರ್ಡಿನ ಬದಲು ರೆಸಿಸ್ಟರ್ ಕಟ್ರಿ. ಬೋರ್ಡು ತಿರುವಿ ಹಾಕಿದ್ರ ಸುಡ್ತದ, ಎಲ್ಲಾ ಐಸಿ ಒಂದೇ ಕಡೆ ಮುಖ ಮಾಡಿರಬೇಕು. ನಮ್ಮ ಕಡೆ ಅದಿರಿನ ಕೆಂಪು ಧೂಳು ಬಿಡೋದಿಲ್ಲ, ಬಂಗಾರದ ಪಟ್ಟಿಯನ್ನು ಐಸೊಪ್ರೊಪೈಲ್ ಹಚ್ಚಿದ ಬಟ್ಟಿಯಿಂದ ಒರೆಸ್ರಿ. ರಬ್ಬರ್ ತಿಕ್ಕಬ್ಯಾಡ್ರಿ, ಲೇಪ ಬಾಳ ತೆಳು.

ಸಿಪಿಯುದ ಪವರ್-ಅಪ್ ಜಂಪರ್ (ಆಯ್ಕಿ ಮಾಡೋ ತಂತಿ) ಓಡಿಟಿಗೆ, ಅಂದ್ರ ಟರ್ಮಿನಲ್‌ನಿಂದ ಸಿಪಿಯು ತಪಾಸಣಿ ಮಾಡೋ ಒಳಗಿನ ಪ್ರೋಗ್ರಾಮಿಗೆ, ಇದ್ದು, ಎಂ8043ರ ಕನ್ಸೋಲ್ ಪೋರ್ಟು 177560 ವಿಳಾಸಕ್ಕ ಸರಿಯಾಗಿದ್ರ ಟರ್ಮಿನಲ್‌ನಾಗ @ ಬರಬೇಕು. ಬರಲಿಲ್ಲಂದ್ರ ಎಂ8043ರ ಜಂಪರ್ ಹತ್ರದಿಂದ ಫೋಟೊ ತೆಗೆದು ಇಲ್ಲೇ ಹಾಕ್ರಿ. ಎಂ7856 ಮಾತ್ರ ಗುಜರಿಗೆ ವಾಪಸ್ ಕೊಡಬ್ಯಾಡ್ರಿ, ಯೂನಿಬಸ್ ಮಶೀನ್ ಇಟ್ಕೊಂಡವರು ಈ ಗುಂಪಿನಾಗೇ ಇರಬಹುದು.