ಮೂರು ಬೆಕ್ಕಿಗೆ ಎಷ್ಟು ಲಿಟರ್ ಬಾಕ್ಸ್ (ಬೆಕ್ಕು ಕಕ್ಕ-ಉಚ್ಚೆ ಮಾಡೋ ಮರಳಿನ ಡಬ್ಬ) ಬೇಕು?

ಪ್ರಶ್ನೆ: ಮನೇಲಿ ಮೂರು ಬೆಕ್ಕಿದಾವೆ, ಮುಚ್ಚಳ ಇರೋ ಎರಡು ಲಿಟರ್ ಬಾಕ್ಸ್ ಪಕ್ಕಪಕ್ಕ ಇಟ್ಟಿದೀವಿ. ಆದ್ರೂ ಚಿಕ್ಕದು ಸೋಫಾ ಹಿಂದೆ ಹೋಗಿ ಉಚ್ಚೆ ಮಾಡುತ್ತೆ, ಎಷ್ಟು ಬೈದ್ರೂ ಬಿಡ್ತಿಲ್ಲ. ಏನ್ ಮಾಡ್ಲಿ?

ಉತ್ತರ: ಮೊದ್ಲು ಬೈಯೋದು ನಿಲ್ಸಿ, ಪಾಪ ಅದು ಹಠಕ್ಕೆ ಮಾಡ್ತಿಲ್ಲ, ಬೈದ್ರೆ ಇನ್ನೂ ಬಚ್ಚಿಟ್ಕೊಂಡು ಮಾಡುತ್ತೆ ಅಷ್ಟೇ. ಎಷ್ಟು ಬೆಕ್ಕಿದಾವೋ ಅದಕ್ಕಿಂತ ಒಂದು ಬಾಕ್ಸ್ ಜಾಸ್ತಿ ಇರ್ಬೇಕು ಅನ್ನೋದು ಲೆಕ್ಕ, ಅಂದ್ರೆ ನಿಮ್ಗೆ 4. ಆದ್ರೆ ನಂಗನ್ಸೋ ಪ್ರಕಾರ ಸಂಖ್ಯೆಗಿಂತ ಜಾಗ ಮುಖ್ಯ. ಪಕ್ಕಪಕ್ಕ ಇಟ್ಟ ಎರಡು ಬಾಕ್ಸು ಬೆಕ್ಕಿನ ಲೆಕ್ಕದಲ್ಲಿ ಒಂದೇ, ದೊಡ್ಡ ಬೆಕ್ಕೊಂದು ದಾರೀಲಿ ಕೂತ್ರೆ ಎರಡೂ ಬಂದ್ ಆದಂಗೆ, ಮುಚ್ಚಳ ಬೇರೆ ಇದ್ರೆ ಒಳಗಿರೋದಕ್ಕೆ ಯಾರು ಬರ್ತಿದಾರೆ ಅಂತ ಕಾಣಲ್ಲ, ತಪ್ಪಿಸ್ಕೊಳ್ಳೋಕೂ ಇನ್ನೊಂದು ದಾರಿ ಇರಲ್ಲ, ಹಂಗಾಗಿ ಹೆದರೋ ಬೆಕ್ಕು ಆ ಕಡೆ ಸುಳಿಯೋದೇ ಬಿಡುತ್ತೆ. ಮುಚ್ಚಳ ತೆಗೀರಿ, ಬೇರೆ ಬೇರೆ ರೂಮಲ್ಲಿ ಇಡಿ, ಊಟದ ಬಟ್ಟಲಿಂದ ದೂರ ಇರ್ಲಿ. ಸೋಫಾ ಹತ್ರಾನೂ ಒಂದು ಇಟ್ಟು ನೋಡಿ. ಬಾಕ್ಸ್ ಉದ್ದ ಬೆಕ್ಕಿನ ಒಂದೂವರೆ ಪಟ್ಟು ಇರ್ಬೇಕು, ಸುವಾಸನೆ ಹಾಕದೇ ಇರೋ, ಒದ್ದೆಯಾದ್ರೆ ಗಂಟು ಕಟ್ಟೋ ಲಿಟರ್ರೇ (ಬಾಕ್ಸಿಗೆ ಹಾಕೋ ಮರಳು) ಹೆಚ್ಚಿನ ಬೆಕ್ಕುಗಳಿಗೆ ಇಷ್ಟ, ದಿನಾ ತಪ್ಪದೆ ಗಂಟು ತೆಗೀರಿ. ಸೋಫಾ ಹಿಂದಿನ ಜಾಗಾನ ಎಂಜೈಮ್ ಕ್ಲೀನರ್‌ನಲ್ಲಿ (ಉಚ್ಚೆ ವಾಸನೆಯನ್ನ ಬುಡಸಮೇತ ತೆಗೆಯೋ ದ್ರಾವಣ) ತೊಳೀರಿ, ಇಲ್ದಿದ್ರೆ ಆ ವಾಸನೆಗೇ ಮತ್ತೆ ಬರುತ್ತೆ.

ಇದಕ್ಕೆಲ್ಲ ಮುಂಚೆ ಒಂದ್ಸಲ ಡಾಕ್ಟರಿಗೆ ತೋರಿಸಿಬಿಡಿ, ಉಚ್ಚೆ ಸೋಂಕು ಇದ್ರೂ ಹಿಂಗೆ ಮಾಡ್ತಾವೆ. ಗಂಡು ಬೆಕ್ಕು ಮುಕ್ಕರಿದ್ರೂ ಉಚ್ಚೆ ಬರ್ತಿಲ್ಲ ಅಂದ್ರೆ ನಾಳೆ ಅಂತ ಕಾಯ್ಬೇಡಿ, ತಕ್ಷಣ ಓಡಿ, ಜೀವಕ್ಕೇ ಅಪಾಯ.