ಬ್ರಿಕ್ಸ್ 24 ಬಂದರೂ ದರ ಯಾಕೆ ಇಳಿಯಿತು?

ದ್ರಾಕ್ಷಿ ಕಟಾವು ಮತ್ತು ವೈನ್ ಖರೀದಿಯ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಉತ್ತರ

ನಮ್ಮ ಶಿರಾಜ್ (ಕೆಂಪು ವೈನಿನ ದ್ರಾಕ್ಷಿ) ಹಣ್ಣು 24 ಬ್ರಿಕ್ಸ್ (ರಸದ ಸಕ್ಕರೆಯ ಅಳತೆ) ತೋರಿಸುತ್ತಿತ್ತು. ವೈನರಿಯವರು ‘ಇನ್ನೊಂದು ವಾರ ತಡೀರಿ’ ಅಂದರು. ವಾರ ಕಳೆದು ಒಯ್ದರೆ ದರ ಇಳಿಸಿದರು. ಸಕ್ಕರೆ ಹೆಚ್ಚೇ ಇತ್ತಲ್ಲ? — ತಿಕೋಟಾ

ಆ ವಾರ ಬೇಕಾಗಿದ್ದದ್ದು ಬಹುಶಃ ನಿಮ್ಮ ಹಣ್ಣಿಗಲ್ಲ, ಅವರ ಟ್ಯಾಂಕಿಗೆ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಚಾಟ್ನಿ (ಬಳ್ಳಿ ಸವರುವುದು) ಮಾಡಿದ ತೋಟಗಳೆಲ್ಲ ಫೆಬ್ರವರಿ–ಮಾರ್ಚಿನಲ್ಲಿ ಒಟ್ಟಿಗೇ ಮಾಗುತ್ತವೆ. ಕೆಂಪು ವೈನಿನ ರಸ ಸಿಪ್ಪೆಯ ಜೊತೆ ಆರರಿಂದ ಹತ್ತು ದಿನ ಟ್ಯಾಂಕಿನಲ್ಲೇ ಇರಬೇಕು. ಅದು ಖಾಲಿಯಾಗದೆ ಮುಂದಿನ ಲೋಡ್ ಇಳಿಸಲು ಜಾಗವಿಲ್ಲ.

ಇತ್ತ ಬಿಸಿಲಿಗೆ ಹಣ್ಣಿನ ಹುಳಿ ಕರಗುತ್ತಾ ಹೋಗುತ್ತದೆ, ಪಿಎಚ್ (ಹುಳಿಯ ಅಳತೆ; ಹುಳಿ ಇಳಿದಷ್ಟೂ ಇದು ಏರುತ್ತದೆ) ಏರುತ್ತದೆ. ಕೆಂಪು ದ್ರಾಕ್ಷಿಗೆ 3.5ರ ಆಸುಪಾಸು ಒಳ್ಳೆಯದು. 3.8 ದಾಟಿದರೆ ಬಣ್ಣ ಮಂಕಾಗುತ್ತದೆ, ವೈನ್ ಕೆಡದಂತೆ ಹಾಕುವ ಗಂಧಕದ ರಕ್ಷಣೆ ಕುಗ್ಗಿ ಬ್ಯಾಕ್ಟೀರಿಯಾ ಹತ್ತುತ್ತವೆ. ಸರಿಪಡಿಸಲು ಟಾರ್ಟಾರಿಕ್ ಆಮ್ಲ ಹಾಕಬೇಕು: ಲೀಟರಿಗೆ 1 ಗ್ರಾಂ ಹಾಕಿದರೆ ಪಿಎಚ್ ಇಳಿಯುವುದು ಸುಮಾರು 0.1 ಮಾತ್ರ. ಆ ಖರ್ಚನ್ನು ಅವರು ನಿಮ್ಮ ದರದಲ್ಲಿ ಮುರಿದುಕೊಂಡಿರಬಹುದು. ತಡ ಮಾಡಿಸಿದ್ದು ಅವರೇ ಆಗಿದ್ದರೆ ಇದು ನ್ಯಾಯವಲ್ಲ. ಮುಂದಿನ ಸಲ ಕರಾರಿನಲ್ಲಿ ಬ್ರಿಕ್ಸ್ ಜೊತೆಗೆ ಪಿಎಚ್ ಮಿತಿ, ಕಟಾವಿನ ದಿನಾಂಕ, ತಡವಾದರೆ ಯಾರ ಹೊಣೆ ಎಂಬುದನ್ನೂ ಬರೆಸಿ.

ನಿಮ್ಮ ಅಳತೆಯೂ ಸರಿಯಿರಲಿ. ಸಾಲಿನ ತುದಿಯ ಬಳ್ಳಿಗಳನ್ನು ಬಿಟ್ಟು, ಎರಡೂ ಬದಿಯ ಗೊಂಚಲುಗಳ ಮೇಲೆ, ನಡುವೆ, ಕೆಳಗೆ ಹೀಗೆ ಒಟ್ಟು ನೂರಿನ್ನೂರು ಕಾಳು ಆಯ್ದು, ಒಟ್ಟಿಗೆ ಹಿಂಡಿ, ಆ ರಸವನ್ನು ನೋಡಿ. ಬ್ರಿಕ್ಸ್ ಅಳೆಯುವ ರಿಫ್ರಾಕ್ಟೋಮೀಟರನ್ನು ಮೊದಲು ಡಿಸ್ಟಿಲ್ಡ್ ನೀರಿನಲ್ಲಿ ಸೊನ್ನೆಗೆ ತನ್ನಿ. ಬಿಸಿಲಿಗೆ ಬಿದ್ದ ಒಂದೇ ಗೊಂಚಲಿನ ಕಾಳು ಹಿಂಡಿ ‘24’ ಅನ್ನುವವರೇ ಹೆಚ್ಚು.

ಬೆಳಿಗ್ಗೆ ಒಂಬತ್ತರ ನಂತರ ಬಂದ ಗಾಡಿಯನ್ನು ವೈನರಿಯವರು ವಾಪಸ್ ಕಳಿಸುತ್ತಾರೆ. ಇಷ್ಟು ಹಟ ಯಾಕೆ? — ಚಿಕ್ಕಬಳ್ಳಾಪುರ

ಶಾಖದ ಲೆಕ್ಕ ನೋಡಿ. ತಂಪು ಮಾಡದೆ ಬಿಟ್ಟರೆ, 1 ಬ್ರಿಕ್ಸ್ ಸಕ್ಕರೆ ಹುದುಗುವಾಗ ರಸ ಸುಮಾರು 1.3 ಡಿಗ್ರಿ ಬಿಸಿಯಾಗುತ್ತದೆ. ಕೆಂಪು ವೈನನ್ನು 25–28 ಡಿಗ್ರಿಯಲ್ಲಿ ಹಿಡಿದಿಡಬೇಕು; 35 ಸಮೀಪಿಸಿದರೆ ಯೀಸ್ಟ್ ಸೋತು, ಸಕ್ಕರೆ ಉಳಿದೇ ಹುದುಗು ನಿಂತುಬಿಡುತ್ತದೆ. ಮಧ್ಯಾಹ್ನದ ಹಣ್ಣು ಬರುವಾಗಲೇ 32 ಡಿಗ್ರಿ ಇದ್ದರೆ ಚಿಲ್ಲರ್ ಎಷ್ಟೆಂದು ಎಳೆದೀತು? ಬಿಳಿ ವೈನಿಗಂತೂ 12–16 ಡಿಗ್ರಿ ಬೇಕು.

ಕತ್ತಲಿರುವಾಗಲೇ ತಲೆದೀಪ ಕಟ್ಟಿಕೊಂಡು ಕೊಯ್ಯಲು ಶುರು ಮಾಡಿ. ಕ್ರೇಟಿಗೆ 15–20 ಕಿಲೋ ಸಾಕು. ಅಂಚಿನ ಮೇಲೆ ತುಂಬಿದರೆ ಮೇಲಿನ ಕ್ರೇಟಿನ ಭಾರಕ್ಕೆ ಹಣ್ಣು ಒಡೆದು ರಸ ಸೋರುತ್ತದೆ, ನೊಣ ಮುತ್ತುತ್ತದೆ, ಗೇಟು ತಲುಪುವ ಹೊತ್ತಿಗೆ ವಿನೆಗರ್ ವಾಸನೆ. ಗೇಟಿನಲ್ಲಿ ನಿಂತವರು ತಳದ ಕ್ರೇಟನ್ನೇ ಎಳೆಸಿ ಮೂಸುವುದು ಅದಕ್ಕೇ. ಇನ್ನೊಂದು ಮಾತು: ಕಟಾವಿಗೆ ತಿಂಗಳು ಮೊದಲೇ ಗಂಧಕದ ಸಿಂಪರಣೆ ನಿಲ್ಲಿಸಿ. ಸಿಪ್ಪೆಯಲ್ಲಿ ಉಳಿದರೆ ಹುದುಗುವಾಗ ಕೊಳೆತ ಮೊಟ್ಟೆಯ ನಾತ ಏಳುತ್ತದೆ.

ಉಳಿದ ಸೊನಾಕಾ (ತಿನ್ನುವ ದ್ರಾಕ್ಷಿ) ಹಣ್ಣನ್ನು ವೈನರಿಗೆ ಕೊಡಬಹುದೆ? — ವಿಜಯಪುರ

ಆಸೆ ಇಟ್ಟುಕೊಳ್ಳಬೇಡಿ. ಅದರಲ್ಲಿ ಸಿಹಿಯಿದೆ, ಪರಿಮಳವಿಲ್ಲ. ಮಣೂಕ (ಒಣದ್ರಾಕ್ಷಿ) ಮಾಡುವುದೇ ಲಾಭ.

ವೈನ್ ಅಂಗಡಿ ಇಟ್ಟಿದ್ದೇನೆ. ಈ ಸಾಲಿನ ಹೊಸ ಮಾಲು ಯಾವಾಗ ಬರುತ್ತದೆ? ಬೇಸಿಗೆಗೆ ಎಷ್ಟು ಸ್ಟಾಕ್ ಮಾಡಲಿ? — ಬೆಂಗಳೂರು

ಮಾರ್ಚಿನಲ್ಲಿ ಕೇಳಿದರೆ, ಕಟಾವಿನ ಗಡಿಬಿಡಿಯಲ್ಲಿ ಫೋನ್ ಎತ್ತಲೂ ವೈನರಿಯವರಿಗೆ ಪುರುಸೊತ್ತಿರುವುದಿಲ್ಲ. ಆರ್ಡರ್ ಜನವರಿಯಲ್ಲೇ ಕೊಟ್ಟುಬಿಡಿ. ಹೊಸ ಬಿಳಿ ವೈನ್ ಬಾಟಲಿಗೆ ಇಳಿಯಲು ಕೆಲವು ತಿಂಗಳಾದರೂ ಬೇಕು. ಪೀಪಾಯಿಯಲ್ಲಿ ಮಾಗುವ ಕೆಂಪು ವೈನಿಗೆ ವರ್ಷ ಹಿಡಿದೀತು. ಏಸಿ ಇಲ್ಲದಿದ್ದರೆ ಏಪ್ರಿಲ್–ಮೇಗೆ ಹದಿನೈದು ದಿನದ ಮಾರಾಟಕ್ಕಿಂತ ಹೆಚ್ಚು ತರಿಸಬೇಡಿ. ಕಾರ್ಕ್ ಬಾಟಲಿ ಮಲಗಿಸಿ, ತಿರುಪು ಮುಚ್ಚಳದ್ದು ನಿಲ್ಲಿಸಿದರೂ ನಡೆಯುತ್ತದೆ. ಕಾರ್ಕ್ ಬಾಯಿಯಿಂದ ಮೇಲೆ ಉಬ್ಬಿದ್ದರೆ, ಕ್ಯಾಪ್ಸೂಲಿನ (ಬಾಟಲಿ ಬಾಯಿಯ ಹೊರಹೊದಿಕೆ) ಸುತ್ತ ಅಂಟು ಕಂಡರೆ ಬಿಸಿಗೆ ಸಿಕ್ಕ ಮಾಲು ಅದು. ಲಾರಿಯಿಂದ ಇಳಿಸುವಾಗಲೇ ನೋಡಿ ವಾಪಸ್ ಮಾಡಿ, ರಸೀದಿಗೆ ಸಹಿ ಹಾಕಿದ ಮೇಲೆ ವಾದ ನಡೆಯುವುದಿಲ್ಲ.